ಹೆಸರೂ ಲಕ್ಷಣವೂ

ಹೂವಿನಹಡಗಲಿಯ ತೋಟದಲ್ಲಿ ಮಲ್ಲಿಗೆ ಬಿಡಿಸುವವಳು ಬಲಿತ ಮೊಗ್ಗನ್ನು ಎಳೆಯದರಿಂದ ಬೇರ್ಪಡಿಸುವುದು ಹೆಸರಿನಿಂದಲ್ಲ, ಲಕ್ಷಣದಿಂದ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ಅಲ್ಲಿ ಬೆಳೆದಿರುವ ಚಿಪ್ ರಚನಾವಿದ್ಯೆಗೂ ಇದೇ ವಿವೇಕವು ಬೇಕು.

ವಿದ್ಯುತ್ತನ್ನು ಉಳಿಸಲು ಚಿಪ್ಪಿನ ಒಂದು ಭಾಗವು ನಿದ್ರಿಸುವಾಗ ಇನ್ನೊಂದು ಎಚ್ಚತ್ತಿರುವುದು. ನಿದ್ರಿಸುವ ಭಾಗದ ಅನಿಶ್ಚಿತ ಸಂಜ್ಞೆಯನ್ನು ತಡೆಯುವುದು ಐಸೊಲೇಷನ್ ಕೋಶ. ವೋಲ್ಟೇಜುಗಳನ್ನು ಹೊಂದಿಸುವುದು ಲೆವೆಲ್ ಶಿಫ್ಟರ್. ನೆನಪನ್ನು ಕಾಯುವುದು ರಿಟೆನ್ಷನ್ ಕೋಶ. ಆದರೆ ಐಸೊಲೇಷನ್ ಕೋಶವು ರೂಪದಲ್ಲಿ ಸಾಧಾರಣ ಆಂಡ್ ಗೇಟಿನಂತೆಯೇ ಇರಬಹುದು. ಆದುದರಿಂದ ಸಿದ್ಧವಾದ ಮಂಡಲದಿಂದ ವಿದ್ಯುತ್ತಿನ ಹಂಚಿಕೆಯ ಆಶಯವನ್ನು ಹೊರತೆಗೆಯುವವನು, ಕೋಶವು ಯಾವ ಮೂಲದಿಂದ ಶಕ್ತಿಯನ್ನು ಪಡೆಯುವುದು, ಯಾವ ಗಡಿಯಲ್ಲಿ ನಿಂತಿರುವುದು, ಯಾವ ಆಜ್ಞೆಗೆ ಮಣಿಯುವುದು ಎಂದು ಪರೀಕ್ಷಿಸಬೇಕು.

ಸಾಧಾರಣ ಗೇಟನ್ನು ಕಾವಲೆಂದೆಣಿಸುವುದು ತಾರ್ಕಿಕರ ಅತಿವ್ಯಾಪ್ತಿ. ಕಾವಲನ್ನೇ ಗುರುತಿಸದಿರುವುದು ಅವ್ಯಾಪ್ತಿ. ಈ ದೋಷಗಳನ್ನು ಮೊದಲೇ ಕಳೆಯಬೇಕು. ಸಿಲಿಕಾನಿನಲ್ಲಿ ಮೂಡಿದ ತಪ್ಪನ್ನು ಕಾಗದದ ಬರೆಹದಂತೆ ಹೊಡೆದು ತಿದ್ದಲಾಗದು.