ಪದಕಕ್ಕೊಂದು ಹೊಡೆತ ದೂರ

ವರ್ಷಾಂತ್ಯದಲ್ಲಿ ತನ್ನ ವೃತ್ತಿಪರ ಗಾಲ್ಫ್ ವನಿತೆಯರ ಶ್ರೇಷ್ಠ ಸಾಧನೆಗಳನ್ನು ಸಭೆ ಸೇರಿಸಿ ಸನ್ಮಾನಿಸುವ ಕೊರಿಯಾ ದೇಶದ ಸತ್ಸಂಪ್ರದಾಯವನ್ನು ಕುರಿತು ಓದಿದೊಡನೆ, ಈ ಬೈರಕೂರಿನಲ್ಲಿ ಕುಳಿತ ನನಗೆ ನೆನಪಾದವರು ಬೆಂಗಳೂರಿನ ಅದಿತಿ ಅಶೋಕ್. 2016ರಲ್ಲಿ ಇಂಡಿಯನ್ ಓಪನ್ ಗೆದ್ದು, ಯೂರೋಪಿನ ಮಹಿಳಾ ಗಾಲ್ಫ್ ಸರಣಿಯಲ್ಲಿ ಪ್ರಶಸ್ತಿ ಪಡೆದ ಪ್ರಥಮ ಭಾರತೀಯ ವನಿತೆಯೆನಿಸಿ, ಆ ವರ್ಷದ ಶ್ರೇಷ್ಠ ನವಾಗತೆಯೆಂಬ ಗೌರವಕ್ಕೂ ಪಾತ್ರರಾದ ಈಕೆ, 2021ರ ಆಗಸ್ಟ್ 7ರಂದು ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ಹೆತ್ತ ತಾಯಿಯೇ ಕ್ಯಾಡಿಯಾಗಿ ಚೀಲ ಹೊತ್ತು ಜತೆಯಲ್ಲಿ ನಡೆಯುತ್ತಿರಲು, ಹದಿನೆಂಟನೆಯ ಕುಳಿಗೆ ದೂರದಿಂದ ಉರುಳಿಸಿದ ಚೆಂಡು ಪಕ್ಕಕ್ಕೆ ಸರಿದುಹೋಗಿ, ನಾಲ್ಕನೆಯವರಾಗಿ ನಿಂತರು. ಪದಕಕ್ಕೂ ಅವರಿಗೂ ನಡುವೆ ಉಳಿದುದು ಒಂದೇ ಹೊಡೆತ. ಆ ದಿನದ ಆಟಕ್ಕೆ ಪದಕವಿಜೇತರಿಗೆ ಸಲ್ಲುವಷ್ಟೇ ಗೌರವ ನಮ್ಮ ನಾಡಿನಲ್ಲಿ ಸಲ್ಲತಕ್ಕದ್ದೆಂದು ನಾನು ದೃಢವಾಗಿ ನಂಬಿರುವೆನು. 2023ರಲ್ಲಿ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, ಅವರಿಗೆ ರಜತಪದಕವೂ ಒಲಿಯಿತು.