ಕರಿಹಲಗೆಯ ಮೇಲಿನ ಜೋಡಿ ರೆಕ್ಕೆ

ತಾಳವಾಡಿ ಸೀಮೆಯ ಕನ್ನಡ ಶಾಲೆಗಳಲ್ಲಿ ಮೂರು ದಶಕ ಪಾಠ ಹೇಳಿದವನು ನಾನು. ಅದರಲ್ಲಿ ಒಂದು ತಪ್ಪನ್ನು ಬಹುಕಾಲ ಬಣ್ಣದ ಸೀಮೆಸುಣ್ಣದಿಂದ ಬರೆಯುತ್ತಲೇ ಬಂದೆ. ಅದನ್ನು ಈ ಸಂಚಿಕೆಯಲ್ಲಿ ಒಪ್ಪಿಕೊಳ್ಳುವುದು ಉಚಿತವೆಂದು ತೋರಿತು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆಯ ವಿಮಾನವನ್ನು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅವರು ಆ ಅಂಚೆಯನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಬಳ್ಳಾರಿಯೆಂಬ ಹೆಸರು ಬಂದೊಡನೆ ನನ್ನ ದನಿ ಏರುತ್ತಿತ್ತು. ಅಂದು ಬಳ್ಳಾರಿಯೂ ನಮ್ಮಂತೆಯೇ ಮದರಾಸು ಪ್ರಾಂತಕ್ಕೆ ಸೇರಿದ ಕನ್ನಡ ನೆಲ. ಬಳ್ಳಾರಿ 1953ರಲ್ಲಿ, ಕೊಳ್ಳೇಗಾಲ 1956ರಲ್ಲಿ ಮೈಸೂರಿಗೆ ಸೇರಿದವು. ನಾವು ಇಲ್ಲಿಯೇ ಉಳಿದೆವು.

ಆ ಅಭಿಮಾನದಲ್ಲಿ ಪ್ರತಿವರ್ಷವೂ ಒಂದರ ಮೇಲೊಂದು ರೆಕ್ಕೆಯಿರುವ ವಿಮಾನವನ್ನು ಬರೆಯುತ್ತಿದ್ದೆ. ಒಮ್ಮೆ ಏಳನೆಯ ತರಗತಿಯ ಹುಡುಗನೊಬ್ಬ ಎದ್ದುನಿಂತ. “ಸಾರ್, ನಾನು ನೋಡಿದ ಚಿತ್ರದಲ್ಲಿ ಒಂದೇ ಜೊತೆ ರೆಕ್ಕೆ ಇತ್ತು” ಎಂದ. “ಕೂತ್ಕೊಳ್ಳೋ, ನಿನಗೇನು ಗೊತ್ತು!” ಎಂದು ಗದರಿದೆ. ತರಗತಿ ನಕ್ಕಿತು. ಆ ವರ್ಷವಿಡೀ ಅವನು ಮತ್ತೆ ಕೈಯೆತ್ತಲಿಲ್ಲ.

ನಿವೃತ್ತಿಯ ನಂತರ ಓದುವಾಗ ನಿಜ ತಿಳಿಯಿತು. ಅಂಚೆ ತಂದದ್ದು ‘ಪುಸ್ ಮಾತ್’; ಅದಕ್ಕೆ ಒಂದೇ ಜೊತೆ ರೆಕ್ಕೆ. ನಾನು ಬರೆಯುತ್ತಿದ್ದುದು ಅದರ ಅಕ್ಕನಂತಿದ್ದ ‘ಜಿಪ್ಸಿ ಮಾತ್’. ಮರ ಮತ್ತು ಬಟ್ಟೆಯ ಆ ಹಗುರ ವಿಮಾನದ ರೆಕ್ಕೆಗಳನ್ನು ಹಿಂದಕ್ಕೆ ಮಡಚಿಡಬಹುದಿತ್ತು. ಅದನ್ನು ರೂಪಿಸಿದ ಡಿ ಹ್ಯಾವಿಲೆಂಡ್ ಅವರು ಪತಂಗಪ್ರಿಯರು. ‘ಮಾತ್’ ಎಂದರೆ ಪತಂಗವೇ. 1930ರಲ್ಲಿ ಆಗಾಖಾನ್ ಬಹುಮಾನಕ್ಕಾಗಿ ಟಾಟಾ ಮತ್ತು ಆಸ್ಪಿ ಇಂಜಿನಿಯರ್ ಇಬ್ಬರೂ ಹಾರಿದ್ದು ಇದರಲ್ಲಿಯೇ. ದಾರಿಯಲ್ಲಿ, ಈಜಿಪ್ಟಿನಲ್ಲಿ, ಸ್ಪಾರ್ಕ್ ಪ್ಲಗ್ ಇಲ್ಲದೆ ನಿಂತಿದ್ದ ಎದುರಾಳಿಗೆ ಟಾಟಾ ತಮ್ಮಲ್ಲಿದ್ದುದನ್ನು ಕೊಟ್ಟರು, ಗೆದ್ದವರು ಆಸ್ಪಿ. ಪ್ರತಿಸ್ಪರ್ಧಿಗೆ ಅವರು ತೋರಿದ ಔದಾರ್ಯವನ್ನು ನಾನು ನನ್ನ ಶಿಷ್ಯನಿಗೆ ತೋರಲಿಲ್ಲ.

ಕಳೆದ ವರ್ಷ ತಾಳವಾಡಿ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕ. ತಲೆ ಅರ್ಧ ನರೆತಿತ್ತು, ಜೊತೆಯಲ್ಲಿ ಮಗಳಿದ್ದಳು. “ಅಂದು ನೀನು ಹೇಳಿದ್ದೇ ಸರಿ ಕಣಪ್ಪಾ” ಎಂದೆ. ಅವನು ಕ್ಷಣಕಾಲ ಸುಮ್ಮನಿದ್ದು, “ಇವಳೂ ಬಹಳ ಪ್ರಶ್ನೆ ಕೇಳ್ತಾಳೆ ಸಾರ್” ಎಂದ.

“ಕೇಳಲಿ ಬಿಡು” ಎಂದೆ. ಗಡಿಯ ಈಚೆ ಕನ್ನಡ ಶಾಲೆಗಳು ಉಳಿಯಬೇಕೆಂದು ನಾವೆಲ್ಲರೂ ಬಯಸುತ್ತೇವೆ. ಅಲ್ಲಿ ಕನ್ನಡದಲ್ಲಿ ಎತ್ತಿದ ಕೈಯನ್ನು ಇಳಿಸದಿರುವುದೂ ಆ ಕೆಲಸದ ಒಂದು ಭಾಗವೆಂಬುದು ನನಗೆ ತಡವಾಗಿ ತಿಳಿಯಿತು.