ಶಹಾಬಜಾರದ ಸಪ್ಪಳವಿಲ್ಲದ ಬಂದೂಕು

ಕಲಬುರಗಿಗೆ ಬಂದಿಳಿದವನಿಗೆ ಆ ನಗರವು ಮೊದಲು ತೋರಿಸುವುದು ತನ್ನ ಬಿಸಿಲನ್ನು. ಆಮೇಲೆ ತನ್ನ ತೋಪನ್ನು. ಬಹಮನಿ ಕೋಟೆಯೊಳಗೆ, 1367ರಲ್ಲಿ ಕಟ್ಟಿದ ಜಾಮಿ ಮಸೀದಿಯನ್ನು ನೋಡಿ ಹೊರಬಿದ್ದವನು ಎತ್ತರದ ಕಟ್ಟೆಯ ಮೇಲೆ ಮಲಗಿರುವ ಆ ಲೋಹದ ಹೆಬ್ಬಾವನ್ನು ನೋಡದೆ ಹಿಂದಿರುಗುವುದುಂಟೇ? ಬಾರಾ ಗಜಿ ತೋಪು, ಅಂದರೆ ಹನ್ನೆರಡು ಗಜದ ತೋಪು ಎಂದು ಅದರ ಹೆಸರು. ಅಡಿಯ ಲೆಕ್ಕದಲ್ಲಿ ಅದರ ಉದ್ದ 29. ಮಕ್ಕಳು ಅದರ ಬಾಯಿಗೆ ತಲೆಯಿಟ್ಟು ಕೂಗುತ್ತಾರೆ. ದೊಡ್ಡವರು ಅದರ ಬೆನ್ನಿಗೆ ಕೈಯಿಟ್ಟು, ಬಿಸಿಲಿಗೆ ಕಾದ ಲೋಹದಿಂದ ಕೈಯನ್ನು ಥಟ್ಟನೆ ಹಿಂದೆಗೆದುಕೊಳ್ಳುತ್ತಾರೆ.

ಈ ಊರಿಗೂ ಸಿಡಿಮದ್ದಿಗೂ ಇರುವ ನಂಟು ಹಳೆಯದು. ಎರಡನೆಯ ಬಹಮನಿ ಸುಲ್ತಾನ ಒಂದನೆಯ ಮಹಮ್ಮದ್ ಷಾನು ವಿಜಯನಗರದ ಬುಕ್ಕರಾಯನೊಡನೆ ನಡೆಸಿದ ಯುದ್ಧಕಾಲದಲ್ಲಿ ತೋಪುಖಾನೆಯೊಂದನ್ನು ಸಜ್ಜುಗೊಳಿಸಿದನೆಂದೂ, ಅದರ ಮೇಲ್ವಿಚಾರಣೆಯನ್ನು ಮುಕರ್ರಬ್ ಖಾನನಿಗೆ ಒಪ್ಪಿಸಿದನೆಂದೂ ಫೆರಿಷ್ತಾ ಬರೆದಿದ್ದಾನೆ. ಫೆರಿಷ್ತಾ ಬರೆದುದು ಆ ಯುದ್ಧ ಮುಗಿದು ಇನ್ನೂರು ವರ್ಷಗಳ ಮೇಲೆ, ವಿಜಾಪುರದಲ್ಲಿ ಕುಳಿತು. ಆದುದರಿಂದ ಅವನು ಹೇಳುವ ತೋಪುಗಳು ನಿಜವಾಗಿಯೂ ತೋಪುಗಳೋ, ಬರಿಯ ಬಾಣಬಿರುಸುಗಳೋ ಎಂದು ಪಂಡಿತರು ವಾದಿಸುತ್ತಲೇ ಇದ್ದಾರೆ. ವಾದ ಹಾಗಿರಲಿ. ದೊಡ್ಡ ಸಪ್ಪಳದ ಆಯುಧವನ್ನು ಮನೆಯಂಗಳದಲ್ಲಿಟ್ಟುಕೊಂಡು ಬಾಳಿದ ಊರು ಇದು ಎಂಬುದರಲ್ಲಿ ಸಂದೇಹವಿಲ್ಲ.

ಕೋಟೆಯ ಉತ್ತರಕ್ಕೆ ಶಹಾಬಜಾರ. ಅದೇ ಮಹಮ್ಮದ್ ಷಾನ ಕಾಲದ್ದೆನ್ನುವ ಮಸೀದಿಯೊಂದು ಇಲ್ಲಿದೆ. ಅದರ ಹೆಬ್ಬಾಗಿಲು ಬಾಗಿಲಿನಂತಿರದೆ ಗುಮ್ಮಟವಿರುವ ಗೋರಿಯಂತೆ ಕಾಣುತ್ತದೆ. ಒಳಹೊಕ್ಕರೆ ಅಂಗಳ, ಅಂಗಳದಾಚೆಗೆ ಪ್ರಾರ್ಥನಾ ಮಂದಿರ. ಅಲಂಕಾರದ ಗೋಜಿಗೆ ಹೋಗದ, ಗಂಭೀರವಾದ ಕಟ್ಟಡ. ಸುತ್ತಲೂ ಬೀದಿಗಳು ಇಕ್ಕಟ್ಟಾಗಿವೆ. ಒಂದು ಮನೆಯ ಗೋಡೆಗೆ ಇನ್ನೊಂದು ಮನೆ ಆತುಕೊಂಡಿದೆ. ಲಿಂಗವಂತರ ಮನೆಯ ರೊಟ್ಟಿಯ ಬಡಿತ ಮುಸಲ್ಮಾನರ ಪಡಸಾಲೆಗೆ ಕೇಳಿಸುತ್ತದೆ, ಅಲ್ಲಿಯ ಅತ್ತರಿನ ಕಂಪು ಇಲ್ಲಿಗೆ ಬರುತ್ತದೆ. ನಾಕಾದ ಬಳಿ ನಿಂತರೆ ಆಳಂದದ ಕಡೆಗೆ ಹೋಗುವ ಬಸ್ಸುಗಳ ಧೂಳು.

ಇಂಥದೊಂದು ಓಣಿಯ ಹಳೆಯ ಮನೆಗೆ ಹೊಸ ಬಂದೂಕೊಂದು ಬಂದಿತು.

ಮನೆಯ ಹಿರಿಯರು ಎಂಬತ್ತು ದಾಟಿದವರು. ಮಕ್ಕಳು ಮೊಮ್ಮಕ್ಕಳಷ್ಟೇ ಏಕೆ, ಓಣಿಯವರೆಲ್ಲರೂ ಅವರನ್ನು ಮುತ್ಯಾ ಎಂದೇ ಕರೆಯುತ್ತಾರೆ. ಬಂದೂಕು ಅವರಿಗೆ ಹೊಸದಲ್ಲ. ಕಮಲಾಪುರದ ಕಡೆಗೆ ಅವರಿಗೆ ಹೊಲವುಂಟು. ಕಮಲಾಪುರವೆಂದರೆ ಕೆಂಪು ಬಾಳೆಗೆ ಹೆಸರಾದ ಊರಾದರೂ ಮುತ್ಯಾನ ಹೊಲದಲ್ಲಿ ಬೆಳೆಯುವುದು ತೊಗರಿ, ಜೋಳ. ಬೆಳೆಯ ಕಾವಲಿಗೆಂದು ಹನ್ನೆರಡು ಬೋರಿನ ಒಂಟಿ ನಳಿಗೆಯ ಕೋವಿಗೆ ಅವರು ಪರವಾನಗಿ ಪಡೆದು ಅರ್ಧ ಶತಮಾನವಾಯಿತು. ಕಾಡುಹಂದಿಯನ್ನು ಹೊಡೆಯಬೇಕಾದರೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಮುತ್ಯಾ ಬಾನಿಗೆ ಒಂದು ಗುಂಡು ಹಾರಿಸಿ ಹೆದರಿಸುವುದರಲ್ಲಿಯೇ ತೃಪ್ತಿ ಪಡೆದವರು. ಚುನಾವಣೆ ಘೋಷಣೆಯಾದಾಗಲೆಲ್ಲ ಕೋವಿಯನ್ನು ಹಳೆಯ ಧೋತರದಲ್ಲಿ ಸುತ್ತಿ ಪೋಲೀಸು ಠಾಣೆಗೆ ಒಯ್ದು ಒಪ್ಪಿಸಿ ರಸೀದಿ ತರುವುದು, ಮತ ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರುವುದು. ಈ ಯಾತ್ರೆಯನ್ನು ಅವರು ಎಷ್ಟು ಸಲ ಮಾಡಿದ್ದಾರೆಂಬುದಕ್ಕೆ ರಸೀದಿಗಳ ಕಟ್ಟೇ ಸಾಕ್ಷಿ.

ಹೊಸ ಬಂದೂಕು ಬಂದುದು ಹದಿನಾರು ವರ್ಷದ ಮೊಮ್ಮಗಳಿಗಾಗಿ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದುದನ್ನೂ, ನೆರೆಯ ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆ ಇನ್ನೊಂದನ್ನು ತಂದುದನ್ನೂ ನೋಡಿದ ಹುಡುಗಿ ಗುರಿ ಕಲಿಯುತ್ತೇನೆಂದು ಹಟ ಹಿಡಿದಳು. ಒಂದು ವರ್ಷ ಎರವಲು ರೈಫಲಿನಲ್ಲಿ ಕಲಿತಳು. ಅನಂತರ ಶಾಲಾಮಾಸ್ತರನಾದ ತಂದೆ, ಮನೆಗೆ ಮೇಲುಮಾಳಿಗೆ ಕಟ್ಟಲೆಂದು ಕೂಡಿಟ್ಟಿದ್ದ ಹಣದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಭಾಗವನ್ನು ತೆಗೆದು ಜರ್ಮನಿಯಲ್ಲಿ ತಯಾರಾದ ಏರ್ ರೈಫಲ್ ತರಿಸಿಕೊಟ್ಟನು. ಮಾಳಿಗೆ ಮುಂದಿನ ವರ್ಷಕ್ಕೆ ಹೋಯಿತು.

ಪೆಟ್ಟಿಗೆ ತೆರೆದ ದಿನ ಮುತ್ಯಾ ಅದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ಮರವೇ ಇಲ್ಲ, ಎಲ್ಲವೂ ಲೋಹ, ತಿರುಪು. ಕೆನ್ನೆ ಆನಿಸುವ ತುಂಡನ್ನು ಏರಿಸಬಹುದು, ಭುಜಕ್ಕೆ ಕೂಡುವ ತುಂಡನ್ನು ಬಾಗಿಸಬಹುದು; ದರ್ಜಿಯು ಅಂಗಿಯನ್ನು ಹೊಂದಿಸುವಂತೆ ಬಂದೂಕನ್ನೇ ಹುಡುಗಿಯ ಮೈಗೆ ಹೊಂದಿಸಬೇಕು. ತೂಕ ಐದೂವರೆ ಕಿಲೋ ಮೀರುವಂತಿಲ್ಲವೆಂಬುದು ಆಟದ ನಿಯಮ. ನಳಿಗೆಯ ಕೆಳಗೆ ಗಾಳಿಯ ಸಿಲಿಂಡರು. ಅದರಲ್ಲಿ ತುಂಬುವ ಗಾಳಿಯ ಒತ್ತಡ 200 ಬಾರ್, ಸೈಕಲ್ಲಿನ ಚಕ್ರದ ಗಾಳಿಯ ಐವತ್ತು ಪಟ್ಟಿನಷ್ಟು. ಇದನ್ನು ಕೈಪಂಪಿನಿಂದ ತುಂಬಬೇಕಾಗಿ ಬಂದಾಗ ಮನೆಯ ಗಂಡಸರೆಲ್ಲರೂ ಸರದಿಯಂತೆ ಬೆವರು ಸುರಿಸಿದರು. ಮುತ್ಯಾ ತಾವೂ ನಾಲ್ಕು ಸಲ ಒತ್ತಿ ನೋಡಿ, “ಬಾವಿ ನೀರು ಸೇದೂದ ಹಗುರ ನೋಡ್ರಪಾ” ಎಂದು ಕುಳಿತುಬಿಟ್ಟರು.

“ಲೈಸನ್ಸ್ ಎಲ್ಲಿ?” ಎಂಬುದು ಅವರ ಮೊದಲ ಪ್ರಶ್ನೆ. ನಳಿಗೆಯ ವ್ಯಾಸ 4.5 ಮಿಲಿಮೀಟರು, ಗುಂಡಿನ ಬಲ 20 ಜೂಲ್ ಮೀರದು. 2016ರ ಆಯುಧ ನಿಯಮಗಳ ಪ್ರಕಾರ ಇದಕ್ಕೆ ಪರವಾನಗಿ ಬೇಕಿಲ್ಲವೆಂದು ಮಗ ವಿವರಿಸಿದನು. ಅರ್ಧ ಶತಮಾನ ಸರಕಾರಕ್ಕೆ ರಸೀದಿ ಕೊಟ್ಟು ತೆಗೆದುಕೊಂಡ ಮುತ್ಯಾನಿಗೆ ಇದು ಅಷ್ಟೊಂದು ರುಚಿಸಲಿಲ್ಲ. ಕಾಗದವಿಲ್ಲದ ಬಂದೂಕನ್ನು ಬಂದೂಕೆಂದು ಒಪ್ಪುವುದು ಹೇಗೆ?

ಅದೇ ಚಳಿಗಾಲದಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿರುವ ಹಿರಿಯ ಮಗ ರಜೆಗೆ ಬಂದನು. ಅವನೂ ಹೊಸದೊಂದನ್ನು ಕೊಂಡಿದ್ದನು: ಪಿಸ್ತೂಲಿನ ಕಾಡತೂಸನ್ನೇ ಹಾರಿಸುವ ಕಾರ್ಬೈನು. ಮರಾಠಿಯವರು ಕಡಾಬೀನ ಎಂದು ಕರೆದ ಗಿಡ್ಡ ಕುದುರೆಸವಾರರ ಕೋವಿಯ ವಂಶಸ್ಥ ಅದು. ಅದನ್ನು ಅವನು ತರುವಂತಿರಲಿಲ್ಲ, ಚಿತ್ರಗಳನ್ನು ತಂದಿದ್ದನು. ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ತನ್ನ ಅನುಭವವನ್ನು ಹೇಳತೊಡಗಿದಾಗ ಮನೆಯವರೆಲ್ಲರೂ ಸುತ್ತ ನೆರೆದರು. ಪಿಸ್ತೂಲನ್ನು ಎರಡು ಕೈಗಳಲ್ಲಿ ಹಿಡಿದವನಿಗೆ ಮಣಿಕಟ್ಟಿನ ನಡುಕವೇ ಶತ್ರು. ಅದೇ 9 ಮಿಲಿಮೀಟರಿನ ಗುಂಡನ್ನು ಹದಿನಾರು ಅಂಗುಲದ ನಳಿಗೆಯಿಂದ, ಭುಜಕ್ಕೂ ಕೆನ್ನೆಗೂ ಆನಿಸಿ ಹಾರಿಸಿದರೆ ಗುರಿ ತಾನಾಗಿ ನೆಲೆಗೊಳ್ಳುತ್ತದೆ. ನಳಿಗೆ ಹದಿನಾರು ಅಂಗುಲಕ್ಕಿಂತ ಗಿಡ್ಡವಾದರೆ 1934ರ ಕಾನೂನಿನಂತೆ ಅಲ್ಲಿ ಬೇರೆಯ ನೋಂದಣಿ ಬೇಕು. ರೈಫಲಿನ ಕಾಡತೂಸಿಗಿಂತ ಪಿಸ್ತೂಲಿನದು ಅಗ್ಗ, ಕಿವಿಗೂ ಹಗುರ. ಆದರೆ ಅವನು ಎಣಿಸಿದಷ್ಟು ಮೆತ್ತಗೆ ಅದು ಒದೆಯಲಿಲ್ಲ. ಆ ಬಗೆಯ ಬಹುಪಾಲು ಕೋವಿಗಳಲ್ಲಿ ಗುಂಡಿನ ಒತ್ತಡವನ್ನು ತಡೆಯುವುದು ಭಾರವಾದ ಕಬ್ಬಿಣದ ಬೋಲ್ಟು ಮಾತ್ರ. ಅದು ಹಿಂದಕ್ಕೆ ಹಾರಿ ಮುಂದಕ್ಕೆ ಬಡಿಯುವಾಗ ಪ್ರತಿ ಗುಂಡಿಗೂ ಗುರಿ ಒಮ್ಮೆ ಕುಣಿಯುತ್ತದೆ. ಮೊದಲ ತಿಂಗಳು ಅದೇ ಅವನನ್ನು ಕಾಡಿತು. ಈಗ ಅಭ್ಯಾಸವಾಗಿದೆ.

“ಅದರಿಂದ ಏನ ಹೊಡೀತಿಯೋ?” ಎಂದರು ಮುತ್ಯಾ.

“ಉಕ್ಕಿನ ತಟ್ಟೆ, ಅಪ್ಪಾ. ತೂಗಹಾಕಿರ್ತಾರ. ಬಿದ್ದರ ಠಣ್ ಅಂತದ.”

“ಹಂದಿ ಅಲ್ಲ?”

“ಅಲ್ಲ. ಆಟ ಅದು.”

ಮುತ್ಯಾ ಹೂಂಗುಟ್ಟಿ ಎಲೆಯಡಿಕೆಯ ಚೀಲಕ್ಕೆ ಕೈಹಾಕಿದರು. ಇಲ್ಲಿ ಅಂಥದನ್ನು ಕೊಳ್ಳಬಹುದೇ ಎಂದು ಹುಡುಗಿ ಕೇಳಿದಳು. ಸಾಧ್ಯವಿಲ್ಲ. 9 ಮಿಲಿಮೀಟರಿನ ಗುಂಡು ನಮ್ಮ ದೇಶದಲ್ಲಿ ಸೈನ್ಯಕ್ಕೂ ಪೋಲೀಸಿಗೂ ಮೀಸಲು. ಬ್ರಿಟಿಷರ ಸ್ಟರ್ಲಿಂಗ್ ಮಾದರಿಯ ಕಾರ್ಬೈನನ್ನು ಕಾನಪುರದಲ್ಲಿ ತಯಾರಿಸಿ ಪೋಲೀಸರ ಹೆಗಲಿಗೇರಿಸಿದ್ದುಂಟು; ಗೃಹಸ್ಥನ ಮನೆಗೆ ಅದು ಬರುವಂತಿಲ್ಲ. 2019ರ ತಿದ್ದುಪಡಿಯಿಂದ ಒಬ್ಬನ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆಯೂ ಮೂರರಿಂದ ಎರಡಕ್ಕೆ ಇಳಿಯಿತು. ಹುಡುಗಿಗೆ ಬೇಸರವೇನೂ ಆಗಲಿಲ್ಲ. ಉಕ್ಕಿನ ತಟ್ಟೆ ಅಂಗೈಗಿಂತ ದೊಡ್ಡದು. ತನ್ನ ಗುರಿಪತ್ರದ ನಡುವಿನ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು ಎಂದು ಅವಳು ದೊಡ್ಡಪ್ಪನಿಗೆ ತೋರಿಸಿದಾಗ ಅವನು ಕನ್ನಡಕ ಹುಡುಕಬೇಕಾಯಿತು.

ಆದರೆ ನಿಜವಾದ ತೊಡಕು ಇದ್ದುದು ಸ್ಥಳದ್ದು. ಗುರಿ ಇರಬೇಕಾದ ದೂರ ಹತ್ತು ಮೀಟರು, ಅಂದರೆ 33 ಅಡಿಗೆ ಸ್ವಲ್ಪ ಕಡಿಮೆ. ಕೋಟೆಯ ತೋಪನ್ನು ತಂದು ಹುಡುಗಿ ನಿಲ್ಲುವೆಡೆಯಲ್ಲಿ ಮಲಗಿಸಿದರೆ ಅದರ ಬಾಯಿ ಗುರಿಪತ್ರದಿಂದ ನಾಲ್ಕಡಿ ಈಚೆಗೆ ಬಂದು ನಿಲ್ಲುತ್ತದೆ! ಇಕ್ಕಟ್ಟಾದ ಶಹಾಬಜಾರದಲ್ಲಿ ಅಷ್ಟು ನೇರ ಜಾಗ ಎಲ್ಲಿಯದು? ತಂದೆ ಎರಡಡಿ ಚೌಕದ ಶಹಾಬಾದಿನ ಹಾಸುಗಲ್ಲುಗಳನ್ನು ಎಣಿಸಿಕೊಂಡು ಹೋದನು. ಹಳೆಯ ಮನೆಗಳಲ್ಲಿರುವಂತೆ ಮೂರು ಬಾಗಿಲುಗಳು ಒಂದೇ ಸಾಲಿನಲ್ಲಿದ್ದವು. ಬೀದಿಬಾಗಿಲಿಗೆ ಅಗಳಿ ಹಾಕಿ, ಅದಕ್ಕೆ ಬೆನ್ನು ಮಾಡಿ ನಿಂತು, ನಡುಮನೆಯನ್ನು ಹಾಯಿಸಿ ಹಿಂದಿನ ಕೋಣೆಯ ಗೋಡೆಗೆ ಗುರಿ ಕಟ್ಟಿದರೆ ಹದಿನೆಂಟು ಕಲ್ಲು. ಸಾಲುತ್ತದೆ. ಆದರೆ ಆ ಗೋಡೆಯ ಬುಡದಲ್ಲಿ ಬೀಸುಕಲ್ಲು ಇತ್ತು, ಬೀಸುಕಲ್ಲು ಆಯಿಯದು.

ಗಿರಣಿ ಬಂದ ಮೇಲೆ ಅದರಲ್ಲಿ ಯಾರೂ ಬೀಸಿಲ್ಲ. ಆದರೂ ಆಯಿ ಕಲ್ಲನ್ನು ಸರಿಸಲು ಒಪ್ಪಲಿಲ್ಲ. ಸೀಸದ ಗುಂಡಿನ ಧೂಳು ಅಡಿಗೆಯ ಮನೆಯ ಹತ್ತಿರ ಬೇಡ ಎಂದರು. ಅದು ವಿವೇಕದ ಮಾತೇ. ಗುಂಡು ಮುಟ್ಟಿದ ಕೈಯನ್ನು ತೊಳೆಯದೆ ಅನ್ನ ಮುಟ್ಟಬಾರದೆಂದು ಆಟದ ಗುರುಗಳೂ ಹೇಳುತ್ತಾರೆ. ಧೂಳು ಹೊರಬೀಳದ ಪೆಟ್ಟಿಗೆ ಮಾಡಿಸುತ್ತೇವೆಂದರೂ ಆಯಿ ತಲೆಯಾಡಿಸಲಿಲ್ಲ. ಕಾರಣ ಬೇರೆಯದೆಂಬುದು ಮನೆಯವರಿಗೆ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಆಯಿಯ ತವರು ಆಳಂದದ ಕಡೆಯದು. ನಿಜಾಮನ ಕೊನೆಯ ದಿನಗಳಲ್ಲಿ, ರಜಾಕಾರರ ಹಾವಳಿಗೆ ಹೆದರಿ ಗಡಿ ದಾಟಿ ಸೊಲ್ಲಾಪುರದ ಕಡೆಗೆ ಓಡಿದ ಕುಟುಂಬಗಳಲ್ಲಿ ಅವರದೂ ಒಂದು. ಆಗ ಅವರಿಗೆ ಆರು ವರ್ಷ. ಎತ್ತಿನ ಗಾಡಿಯಲ್ಲಿ, ಎತ್ತಿನ ಗೆಜ್ಜೆ ಬಿಚ್ಚಿ, ಜೋಳದ ಸೊಪ್ಪೆಯ ಕೆಳಗೆ ಮಲಗಿಸಿಕೊಂಡು ಒಯ್ದರು. ಹಿಂದಿನಿಂದ ಎರಡು ಗುಂಡಿನ ಸಪ್ಪಳ ಕೇಳಿಸಿತು. ಆ ರಾತ್ರಿಯದರಲ್ಲಿ ಅವರಿಗೆ ನೆನಪಿರುವುದು ಅಷ್ಟೇ. ಮುತ್ಯಾನ ಕೋವಿ ಅರ್ಧ ಶತಮಾನವೂ ಹೊಲದ ಮನೆಯಲ್ಲಿ, ಇಲ್ಲವೆ ಅಟ್ಟದ ಮೇಲೆ ಉಳಿದುದು ಈ ಕಾರಣದಿಂದ.

1948ರ ಸೆಪ್ಟೆಂಬರಿನಲ್ಲಿ ಪೋಲೀಸು ಕಾರ್ಯಾಚರಣೆ ನಡೆದು ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿತು, ಓಡಿದವರು ಹಿಂದಿರುಗಿದರು. ಆಗ ಭಯ ಪಕ್ಕದ ಮನೆಗಳಿಗೆ ದಾಟಿತು. ಆ ತಿಂಗಳುಗಳಲ್ಲಿ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಿದ ಸುಂದರಲಾಲ್ ಸಮಿತಿಯು ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಹೆಸರಿಸಿತು. ಈ ಮನೆಯ ಗೋಡೆಗೆ ಗೋಡೆ ಹತ್ತಿದ ಮನೆಯ ಬಡಿಗ ಚಾಚಾನ ತಾಯಿ ಆಗ ಹತ್ತು ದಿನ ಕದ ತೆರೆದಿರಲಿಲ್ಲವಂತೆ. ಆಕೆ ತೀರಿಕೊಳ್ಳುವವರೆಗೆ ಆಯಿಯೂ ಆಕೆಯೂ ಮಧ್ಯಾಹ್ನದ ಹೊತ್ತು ಒಂದೇ ಕಟ್ಟೆಯ ಮೇಲೆ ಕುಳಿತು ಸೇವಿಗೆ ಹೊಸೆಯುತ್ತಿದ್ದರು. ಮದುವೆಗಳಲ್ಲಿ ಪಟಾಕಿ ಸಿಡಿದಾಗ ಇಬ್ಬರೂ ಒಟ್ಟಿಗೆ ಒಳಗೆ ಹೋಗುತ್ತಿದ್ದರು. ಅದನ್ನು ನೋಡಿ ಮಕ್ಕಳು ನಗುತ್ತಿದ್ದರೆಂದು ಚಾಚಾ ಈಗ ಹೇಳುವುದುಂಟು.

ಗುಂಡು ಹಿಡಿಯುವ ಪೆಟ್ಟಿಗೆಯನ್ನು ಮಾಡಿಕೊಟ್ಟವನು ಆ ಚಾಚಾನೇ. ಮೂರು ಕಡೆ ತೇಗದ ಹಲಗೆ, ಹಿಂದೆ ಓರೆಯಾಗಿ ನಿಲ್ಲಿಸಿದ ಉಕ್ಕಿನ ತಗಡು, ಕೆಳಗೆ ಸೀಸ ಬೀಳಲು ಮುಚ್ಚಳವಿರುವ ತಟ್ಟೆ. ಅದನ್ನು ಹೊತ್ತು ತಂದವನು ಆಯಿಯ ಮುಂದೆ ಇಳಿಸಿ, “ಒಂದ ಸಲ ಕೇಳ್ರಿ ಆಯಿ. ಕೇಳಿ ಬ್ಯಾಡ ಅಂದ್ರ ನಾನೇ ಎತ್ಕೊಂಡ ಹೋಗ್ತೀನಿ” ಎಂದನು.

ಪೆಟ್ಟಿಗೆಯನ್ನು ಬೀಸುಕಲ್ಲಿನ ಮೇಲೆಯೇ ಇಟ್ಟರು. ಆಯಿ ಹುಡುಗಿಯ ಹಿಂದೆ ಮಣೆಯ ಮೇಲೆ ಕುಳಿತು ಎರಡು ಕಿವಿಗಳನ್ನೂ ಸೆರಗಿನಿಂದ ಮುಚ್ಚಿಕೊಂಡರು. ಹುಡುಗಿ ಗಟ್ಟಿ ಕ್ಯಾನ್‌ವಾಸಿನ ಅಂಗಿಯೊಳಗೆ ಬೆವರುತ್ತ ನಿಂತಿದ್ದಳು. ಆ ಅಂಗಿಯನ್ನು ಹೊಲಿದವರು ಕಲಬುರಗಿಯ ಸೆಕೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಿಧಾನವಾಗಿ ಉಸಿರು ಬಿಟ್ಟಳು. ಆಮೇಲೆ, ಹುಣಿಸೆಯ ಬೀಜವೊಂದು ತಗಡಿನ ಡಬ್ಬಿಗೆ ಬಿದ್ದಂತೆ ಒಂದು ಸದ್ದಾಯಿತು.

ಆಯಿ ಸೆರಗನ್ನು ತೆಗೆದರು. “ಹೊಡಿ ಮತ್ತ” ಎಂದರು.

“ಹೊಡದೆ, ಆಯಿ. ಆತು.”

ಆಯಿ ಮುತ್ಯಾನ ಮುಖ ನೋಡಿದರು. “ಇಷ್ಟss ಏನು?” ಎಂದು ಕೇಳಿದುದು ಹುಡುಗಿಯನ್ನೋ, ಮುತ್ಯಾನನ್ನೋ ತಿಳಿಯಲಿಲ್ಲ. ಎರಡನೆಯ ಗುಂಡಿಗೆ ಕಿವಿ ಮುಚ್ಚಲಿಲ್ಲ. ಮೂರನೆಯದಕ್ಕೆ ಕಣ್ಣನ್ನೂ ಮುಚ್ಚಲಿಲ್ಲ. ಮರುದಿನ ಚಾಚಾನೂ ತಂದೆಯೂ ಹಾರೆ ಹಾಕಿ ಬೀಸುಕಲ್ಲನ್ನು ಹಿತ್ತಿಲಿಗೆ ಹೊರಳಿಸಿದರು. ಅದೀಗ ತುಳಸಿಯ ಕುಂಡಕ್ಕೆ ಪೀಠವಾಗಿದೆ.

ಪಂದ್ಯದಲ್ಲಿ 75 ನಿಮಿಷಗಳಲ್ಲಿ 60 ಗುಂಡು ಹಾರಿಸಬೇಕು. ಆದುದರಿಂದ ಈಗ ಪ್ರತಿ ಸಂಜೆ ಆ ಮನೆಯಲ್ಲಿ ಒಂದೂಕಾಲು ಗಂಟೆ ಯಾರೂ ಮುಂದಿನಿಂದ ಹಿಂದಕ್ಕೆ ಹೋಗುವಂತಿಲ್ಲ. ನಡುಮನೆಯ ಅಡ್ಡಲಾಗಿ ಎರಡು ಕೆಂಪು ಅರಿವೆಗಳು ತೂಗುತ್ತವೆ. ಅಡಿಗೆಯ ಮನೆಯಲ್ಲಿದ್ದವರು ಅಲ್ಲಿಯೇ, ಪಡಸಾಲೆಯಲ್ಲಿದ್ದವರು ಇಲ್ಲಿಯೇ. ಚಹಾ ಬೇಕಾದವರು ಮೊದಲೇ ಕುಡಿದಿರಬೇಕು. ಮಾತನಾಡಬಾರದೆಂಬ ನಿಯಮವೇನೂ ಇಲ್ಲ, ಆದರೆ ಯಾರೂ ಆಡುವುದಿಲ್ಲ. ಕಳೆದ ಚುನಾವಣೆಯ ಹೊತ್ತಿಗೆ ಮುತ್ಯಾ ತಮ್ಮ ಕೋವಿಯನ್ನು ಎಂದಿನಂತೆ ಧೋತರದಲ್ಲಿ ಸುತ್ತಿ ಠಾಣೆಗೊಯ್ದವರು, ಮೊಮ್ಮಗಳದನ್ನೂ ತರಬೇಕೇ ಎಂದು ವಿಚಾರಿಸಿದರಂತೆ. ಬೇಡವೆಂದು ತಿಳಿದು ಸ್ವಲ್ಪ ಸಪ್ಪಗೆ ಮುಖ ಮಾಡಿಕೊಂಡು ಒಂದೇ ರಸೀದಿಯೊಡನೆ ಹಿಂದಿರುಗಿದರು.

ಆಯಿಯದು ಮಾತ್ರ ಮಣೆಯ ಮೇಲಿನ ಜಾಗ ಕಾಯಂ. ಗುರಿಯ ಮೇಲೆ ಮನಸ್ಸಿಟ್ಟ ಹುಡುಗಿ ಎಣಿಕೆ ತಪ್ಪುತ್ತಾಳೆಂದು, ಅವರು ಒಂದು ಬಟ್ಟಲಿನಲ್ಲಿ ಅರವತ್ತು ಹುಣಿಸೆ ಬೀಜಗಳನ್ನಿಟ್ಟುಕೊಂಡು ಕುಳಿತಿರುತ್ತಾರೆ. ಅಲ್ಲಿ ತಗಡಿಗೆ ಒಂದು ಗುಂಡು ಬಿದ್ದಂತೆ ಇಲ್ಲಿ ಇನ್ನೊಂದು ಬಟ್ಟಲಿಗೆ ಒಂದು ಬೀಜ ಬೀಳುತ್ತದೆ. ಹುಡುಗಿ ಬಂದೂಕನ್ನು ಇಳಿಸಿ ತೋಳು ಸಡಿಲಿಸಿಕೊಳ್ಳುವಾಗ ಆಯಿ ಉಳಿದ ಬೀಜಗಳನ್ನು ಬೆರಳಿನಿಂದ ಸರಿಸಿ ನೋಡಿ, ಮೆಲ್ಲಗೆ ಹೇಳುತ್ತಾರೆ: “ಇನ್ನ ಹದಿಮೂರ ಅದಾವ ನೋಡವ್ವಾ.”